ಮದುವೆಯಾಗದ ಸಂಗಾತಿಯ ದಿವಾಳಿತನ ಮತ್ತು ವಾಸದ ಮನೆ: ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು

ಮದುವೆಯಾಗದೆ ಒಂದೇ ಸೂರಿನಡಿ ಬಾಳುತ್ತಿರುವ ಇಬ್ಬರಲ್ಲಿ ಒಬ್ಬರು ದಿವಾಳಿಯಾದಾಗ, ಆ ಸಾಲದಲ್ಲಿ ಕೈಯಿಲ್ಲದ ಇನ್ನೊಬ್ಬರು ಮನೆಯನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಹುದು ಎಂಬುದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎರಡು ಬಗೆಯ ಕಾನೂನುಗಳು ಕೂಡಿ ತೀರ್ಮಾನಿಸುತ್ತವೆ. ದಿವಾಳಿಯಾದವರ ಆಸ್ತಿ ಯಾರ ಕೈಸೇರುತ್ತದೆ, ಅದನ್ನು ಯಾವಾಗ ಮಾರಬಹುದು ಎಂಬುದು 1986ರ ದಿವಾಳಿತನ ಕಾಯಿದೆಯ ವಿಷಯ. ಮನೆಯಲ್ಲಿ ಯಾರಿಗೆ ಎಷ್ಟು ಪಾಲು ಎಂಬುದು ಆಸ್ತಿ ಮತ್ತು ಟ್ರಸ್ಟ್ ಕಾನೂನಿನ ವಿಷಯ. ಗಂಡಹೆಂಡಿರಿಗೆ ಮದುವೆಯ ಸಂಬಂಧವೇ ಕೆಲವು ರಕ್ಷಣೆಗಳನ್ನು ತಂದುಕೊಡುತ್ತದೆ. ಮದುವೆಯಾಗದವರಿಗೆ ಸಂಬಂಧದ ಬಲದಿಂದ ಸಿಗುವ ರಕ್ಷಣೆ ತೀರ ಕಡಿಮೆ. ಅವರನ್ನು ಕಾಯುವುದು ಮನೆಯಲ್ಲಿ ಅವರಿಗಿರುವ ಪಾಲು, ಮತ್ತು ಆ ಪಾಲನ್ನು ರುಜುವಾತುಪಡಿಸುವ ಕಾಗದಪತ್ರ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗೆ ಪ್ರತ್ಯೇಕ ಕಾನೂನುಗಳಿವೆ. ಇಲ್ಲಿನ ವಿವರಣೆ ಅವಕ್ಕೆ ಸಲ್ಲುವುದಿಲ್ಲ.

ಕಾನೂನಿನ ಕಣ್ಣಲ್ಲಿ ಸಂಗಾತಿ

ಹಲವು ವರ್ಷ ಕೂಡಿ ಬಾಳಿದರೆ ಕಾನೂನು ಅವರನ್ನು ದಂಪತಿಯೆಂದೇ ಪರಿಗಣಿಸುತ್ತದೆ ಎಂಬ ನಂಬಿಕೆ ಇಂಗ್ಲೆಂಡಿನಲ್ಲಿ ವ್ಯಾಪಕವಾಗಿದೆ. ಇದನ್ನು ‘ಕಾಮನ್ ಲಾ ಮದುವೆ’ ಎಂದು ಕರೆಯುತ್ತಾರೆ. ಅಂಥದ್ದೊಂದು ಮದುವೆ ಅಲ್ಲಿನ ಕಾನೂನಿನಲ್ಲಿ ಇಲ್ಲ. 1984ರ ಬರ್ನ್ಸ್ ಪ್ರಕರಣ ಇದಕ್ಕೆ ಕಟುವಾದ ನಿದರ್ಶನ. 19 ವರ್ಷ ಜೊತೆಗಿದ್ದು, ಮಕ್ಕಳನ್ನು ಬೆಳೆಸಿ, ಮನೆ ನಡೆಸಿದ ಮಹಿಳೆಗೆ ಸಂಗಾತಿಯೊಬ್ಬನ ಹೆಸರಿನಲ್ಲಿದ್ದ ಮನೆಯಲ್ಲಿ ಯಾವ ಪಾಲೂ ಇಲ್ಲವೆಂದು ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು.

ಮದುವೆಯಾದವರಿಗೆ ಮನೆ ತಮ್ಮ ಹೆಸರಿನಲ್ಲಿ ಇಲ್ಲದಿದ್ದರೂ ಅದರಲ್ಲಿ ವಾಸಿಸುವ ಹಕ್ಕನ್ನು 1996ರ ಕುಟುಂಬ ಕಾನೂನು ಕಾಯಿದೆ ಕೊಡುತ್ತದೆ. ಆ ಹಕ್ಕನ್ನು ಭೂದಾಖಲೆಯಲ್ಲಿ ನಮೂದಿಸಿದ್ದರೆ ಅದು ದಿವಾಳಿಯ ನಂತರವೂ ಉಳಿಯುತ್ತದೆ. ವಿಚ್ಛೇದನದ ವೇಳೆ ನ್ಯಾಯಾಲಯವು ಒಬ್ಬರ ಆಸ್ತಿಯನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದು. ಅಂಥ ಆದೇಶದಂತೆ ನಡೆದ ವರ್ಗಾವಣೆಯನ್ನು, ದಿವಾಳಿಯಾದವರ ಆಸ್ತಿಯನ್ನು ವಹಿಸಿಕೊಳ್ಳುವ ದಿವಾಳಿ ಟ್ರಸ್ಟಿ ಸಾಮಾನ್ಯವಾಗಿ ಪ್ರಶ್ನಿಸಲಾಗದು ಎಂದು 2007ರ ಹಿಲ್ ವಿರುದ್ಧ ಹೇನ್ಸ್ ತೀರ್ಪು ಸ್ಪಷ್ಟಪಡಿಸಿತು. ಮದುವೆಯಾಗದವರಿಗೆ ಇವೆರಡೂ ಇಲ್ಲ. ಮಕ್ಕಳಿದ್ದರೆ 1989ರ ಮಕ್ಕಳ ಕಾಯಿದೆಯ ಅಡಿ ಮಗುವಿನ ಹಿತಕ್ಕಾಗಿ ಮನೆಯ ವ್ಯವಸ್ಥೆ ಕೋರಬಹುದಾದರೂ, ಪಾಲು ದಿವಾಳಿ ಟ್ರಸ್ಟಿಗೆ ಸೇರಿಹೋದ ಮೇಲೆ ಆ ತಾಯಿ ಅಥವಾ ತಂದೆಯ ಬಳಿ ವರ್ಗಾಯಿಸಲು ಏನೂ ಉಳಿದಿರುವುದಿಲ್ಲ. ಕೂಡಿ ಬಾಳಿ ಬೇರೆಯಾದವರಿಗೂ ಆರ್ಥಿಕ ಪರಿಹಾರ ದೊರೆಯಬೇಕೆಂದು ಕಾನೂನು ಆಯೋಗ 2007ರಲ್ಲಿ ಶಿಫಾರಸು ಮಾಡಿತು. ಆ ಶಿಫಾರಸಿನಿಂದ ಯಾವ ಕಾಯಿದೆಯೂ ಹುಟ್ಟಲಿಲ್ಲ.

ದಿವಾಳಿ ಆದೇಶದಿಂದ ಆಗುವುದೇನು

ದಿವಾಳಿ ಆದೇಶ ಎರಡು ದಾರಿಗಳಿಂದ ಬರುತ್ತದೆ. 5,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬಾಕಿಯಿರುವ ಸಾಲಕೊಟ್ಟವರು ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಸಾಲ ಮಾಡಿದವರೇ ಕೈಚೆಲ್ಲಿ ಅರ್ಜಿ ಸಲ್ಲಿಸಲೂಬಹುದು. 2016ರ ಏಪ್ರಿಲ್‌ನಿಂದ ಇದು ನ್ಯಾಯಾಲಯಕ್ಕೆ ಹೋಗದೆ ಆನ್‌ಲೈನ್‌ನಲ್ಲೇ ನಡೆಯುತ್ತದೆ. ಆದೇಶವಾದ ಕೂಡಲೇ ಅಫಿಷಿಯಲ್ ರಿಸೀವರ್ ಎಂಬ ಸರ್ಕಾರಿ ಅಧಿಕಾರಿ ದಿವಾಳಿ ಟ್ರಸ್ಟಿಯಾಗುತ್ತಾರೆ. ಹೆಚ್ಚು ಆಸ್ತಿಯಿರುವ ಪ್ರಕರಣಗಳಲ್ಲಿ ಖಾಸಗಿ ದಿವಾಳಿತನ ತಜ್ಞರೊಬ್ಬರು ಆ ಸ್ಥಾನಕ್ಕೆ ಬರುತ್ತಾರೆ. ದಿವಾಳಿಯಾದವರ ಆಸ್ತಿಯೆಲ್ಲವೂ, ಅದು ಯಾವ ದೇಶದಲ್ಲಿದ್ದರೂ, ಯಾವ ಪತ್ರಕ್ಕೂ ಸಹಿ ಬೇಕಿಲ್ಲದೆ ತಾನಾಗಿಯೇ ಈ ಟ್ರಸ್ಟಿಗೆ ಸೇರುತ್ತದೆ. ಲಂಡನ್ನಿನಲ್ಲಿ ದಿವಾಳಿಯಾದವರಿಗೆ ಮೈಸೂರಿನಲ್ಲಿ ನಿವೇಶನವಿದ್ದರೆ ಇಂಗ್ಲಿಷ್ ಕಾನೂನಿನ ಲೆಕ್ಕದಲ್ಲಿ ಅದೂ ಆಸ್ತಿಪಟ್ಟಿಯ ಭಾಗ, ಅದನ್ನು ಮುಚ್ಚಿಡುವುದು ಅಪರಾಧ. ಅದನ್ನು ಇಲ್ಲಿ ಮಾರಬೇಕಾದರೆ ಮಾತ್ರ ಭಾರತದ ಕಾನೂನಿನ ದಾರಿಯಲ್ಲೇ ಹೋಗಬೇಕು.

ಟ್ರಸ್ಟಿಗೆ ಸೇರುವುದು ದಿವಾಳಿಯಾದವರಿಗೆ ಏನಿತ್ತೋ ಅಷ್ಟೇ. ಬೇರೆಯವರ ಪರವಾಗಿ ಅವರು ಹಿಡಿದಿಟ್ಟುಕೊಂಡ ಆಸ್ತಿ ಸೇರುವುದಿಲ್ಲ. ಸಂಗಾತಿಯ ಎಲ್ಲ ರಕ್ಷಣೆಯೂ ನಿಂತಿರುವುದು ಈ ನಿಯಮದ ಮೇಲೆ. ಮನೆಯ ಅರ್ಧ ಸಂಗಾತಿಯದಾಗಿದ್ದರೆ ಸಾಲಕೊಟ್ಟವರಿಗೆ ಇನ್ನರ್ಧ ಮಾತ್ರ. ಮುಕ್ಕಾಲು ಸಂಗಾತಿಯದಾಗಿದ್ದರೆ ಕಾಲು ಭಾಗ ಮಾತ್ರ.

ಅಡಮಾನ ಸಾಲ ಕೊಟ್ಟ ಬ್ಯಾಂಕು ಈ ಚೌಕಟ್ಟಿನ ಹೊರಗಿದೆ. ದಿವಾಳಿ ಆದೇಶದಿಂದ ಅದರ ಹಕ್ಕು ಕುಗ್ಗುವುದಿಲ್ಲ. ಕಂತು ತಪ್ಪಿದರೆ ಮನೆಯ ಸ್ವಾಧೀನ ಕೇಳಬಹುದು. ಇಬ್ಬರೂ ಸೇರಿ ಅಡಮಾನ ಸಾಲ ಪಡೆದಿದ್ದರೆ ಒಬ್ಬೊಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ಒಬ್ಬರು ದಿವಾಳಿಯಾದರೆ ಇನ್ನೊಬ್ಬರ ಮೇಲೆ ಅರ್ಧವಲ್ಲ, ಇಡೀ ಕಂತಿನ ಭಾರ ಬೀಳುತ್ತದೆ.

ಮನೆ ಯಾರ ಹೆಸರಿನಲ್ಲಿದೆ

ಇಂಗ್ಲಿಷ್ ಕಾನೂನು ಮನೆಯ ಒಡೆತನವನ್ನು ಎರಡು ಪದರಗಳಲ್ಲಿ ನೋಡುತ್ತದೆ. ಭೂನೋಂದಣಿ ಕಚೇರಿಯ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರದು ದಾಖಲೆಯ ಒಡೆತನ. ಮಾರಿದಾಗ ಬರುವ ಹಣ ನಿಜಕ್ಕೂ ಯಾರಿಗೆ ಸಲ್ಲಬೇಕೋ ಅವರದು ಫಲಾನುಭವದ ಪಾಲು. ಇವೆರಡೂ ಒಂದೇ ಆಗಿರಬೇಕೆಂದಿಲ್ಲ. ಭಾರತದ ಕಾನೂನಿಗೆ ಒಗ್ಗಿದವರಿಗೆ ಇದು ಅಪರಿಚಿತ. ಭಾರತದಲ್ಲಿ 1988ರ ಬೇನಾಮಿ ವಹಿವಾಟು ನಿಷೇಧ ಕಾಯಿದೆ, ಇನ್ನೊಬ್ಬರ ಹೆಸರಿನಲ್ಲಿರುವ ಆಸ್ತಿಗೆ ತಾನೇ ನಿಜವಾದ ಮಾಲೀಕನೆಂದು ದಾವೆ ಹೂಡುವುದನ್ನು ಕೆಲವು ವಿನಾಯಿತಿಗಳ ಹೊರತು ತಡೆಯುತ್ತದೆ. ಇಂಗ್ಲೆಂಡಿನಲ್ಲಿ ಅಂಥ ವಾದವೇ ಸಂಗಾತಿಯ ಮುಖ್ಯ ಆಸರೆ.

ಮನೆ ಇಬ್ಬರ ಹೆಸರಿನಲ್ಲಿದ್ದು ಪಾಲುಗಳನ್ನು ಬರೆದಿಟ್ಟಿದ್ದರೆ ಆ ಬರಹವೇ ಅಂತಿಮ. ಮೋಸ ಅಥವಾ ತಪ್ಪು ನಡೆದಿದ್ದರೆ ಮಾತ್ರ ಅದನ್ನು ಬದಿಗಿಡಬಹುದು ಎಂದು 1986ರ ಗುಡ್‌ಮನ್ ವಿರುದ್ಧ ಗ್ಯಾಲಂಟ್ ತೀರ್ಪು ಹೇಳಿತು. ಮನೆ ಕೊಳ್ಳುವಾಗ ತುಂಬುವ ಟಿಆರ್1 ಎಂಬ ವರ್ಗಾವಣೆ ನಮೂನೆಯಲ್ಲಿ ಇದಕ್ಕೆಂದೇ ಒಂದು ಚೌಕವಿದೆ. ಏನನ್ನೂ ಬರೆದಿಲ್ಲದಿದ್ದರೆ ಸಮಪಾಲೆಂಬ ಊಹೆಯಿಂದ ನ್ಯಾಯಾಲಯ ಹೊರಡುತ್ತದೆ. ಆ ಊಹೆಯನ್ನು ಅಲುಗಿಸುವುದು ಸುಲಭವಲ್ಲ, ಆದರೆ ಸಾಧ್ಯ. 2007ರ ಸ್ಟ್ಯಾಕ್ ವಿರುದ್ಧ ಡೌಡನ್ ಪ್ರಕರಣದಲ್ಲಿ ಹೆಚ್ಚು ಹಣ ಹಾಕಿ, ಹಣಕಾಸನ್ನು ಬೇರೆಬೇರೆಯಾಗಿಯೇ ನಡೆಸಿದ್ದ ಮಹಿಳೆಗೆ ಶೇ 65 ಪಾಲು ಸಿಕ್ಕಿತು. 2011ರ ಜೋನ್ಸ್ ವಿರುದ್ಧ ಕರ್ನಾಟ್ ಪ್ರಕರಣದಲ್ಲಿ ಸಂಗಾತಿ ಮನೆಬಿಟ್ಟು ಹೋದ ಬಳಿಕ ಹದಿನಾಲ್ಕಕ್ಕೂ ಹೆಚ್ಚು ವರ್ಷ ಒಬ್ಬಳೇ ಕಂತು ಕಟ್ಟಿ, ಮಕ್ಕಳನ್ನು ಸಾಕಿದ ಮಹಿಳೆಗೆ ಶೇ 90 ಪಾಲನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಎರಡೂ ಜೋಡಿಗಳು ಮದುವೆಯಾಗದವರು. ಸಂಗಾತಿಯ ಎದುರು ಗೆಲ್ಲಬಹುದಾದ ಇಂಥ ವಾದವನ್ನು ಸಂಗಾತಿಯ ಜಾಗದಲ್ಲಿ ಬಂದು ನಿಂತ ಟ್ರಸ್ಟಿಯ ಎದುರೂ ಮಂಡಿಸಬಹುದು.

ಮನೆ ದಿವಾಳಿಯಾದವರ ಹೆಸರಿನಲ್ಲಷ್ಟೇ ಇದ್ದರೆ ಹೊರೆ ಪೂರ್ತಿಯಾಗಿ ಸಂಗಾತಿಯ ಮೇಲೆ ಬೀಳುತ್ತದೆ. ತನಗೂ ಪಾಲಿದೆ ಎಂಬ ಒಡಂಬಡಿಕೆ ಇಬ್ಬರ ನಡುವೆ ಇತ್ತು, ಅದನ್ನು ನಂಬಿ ತಾನು ನಷ್ಟ ಅಥವಾ ತ್ಯಾಗಕ್ಕೆ ಒಳಗಾದೆ ಎಂದು ಅವರು ತೋರಿಸಬೇಕು. ಮನೆ ಕೊಳ್ಳಲು ಹಣ ಕೊಟ್ಟದ್ದು, ಕಂತು ಕಟ್ಟಿದ್ದು, ದೊಡ್ಡ ದುರಸ್ತಿಗೆ ಖರ್ಚು ಮಾಡಿದ್ದು ಬಲವಾದ ಸಾಕ್ಷ್ಯ. 1986ರ ಗ್ರಾಂಟ್ ವಿರುದ್ಧ ಎಡ್ವರ್ಡ್ಸ್ ಪ್ರಕರಣದಲ್ಲಿ, ಮಹಿಳೆಯ ಹೆಸರನ್ನು ಕ್ರಯಪತ್ರಕ್ಕೆ ಸೇರಿಸದಿರಲು ಆಕೆಯ ಬಾಕಿಯಿದ್ದ ವಿಚ್ಛೇದನವನ್ನು ಸಂಗಾತಿ ನೆಪ ಮಾಡಿದ್ದ. ನೆಪ ಹೇಳಬೇಕಾಗಿ ಬಂದದ್ದೇ ಆಕೆಗೆ ಪಾಲಿತ್ತು ಎನ್ನುವುದರ ಗುರುತೆಂದು ಕಂಡ ನ್ಯಾಯಾಲಯ ಅರ್ಧಪಾಲು ಕೊಟ್ಟಿತು. ಅಡುಗೆ, ಮಕ್ಕಳ ಪಾಲನೆ, ದಿನಸಿಯ ಖರ್ಚು ಇಷ್ಟರಿಂದಲೇ ಪಾಲು ಸಾಬೀತಾಗುವುದು ಕಷ್ಟ.

ಮನೆ ಸಾಲವಿಲ್ಲದ ಸಂಗಾತಿಯ ಹೆಸರಿನಲ್ಲಷ್ಟೇ ಇದ್ದರೆ ಲೆಕ್ಕ ತಿರುಗುತ್ತದೆ. ದಿವಾಳಿಯಾದವರು ಕಂತು ಕಟ್ಟಿದ್ದರೆ, ಮನೆ ಹಿಗ್ಗಿಸಲು ಹಣ ಹಾಕಿದ್ದರೆ, ಅವರಿಗೂ ಫಲಾನುಭವದ ಪಾಲಿದೆ ಎಂದು ಈಗ ಟ್ರಸ್ಟಿ ವಾದಿಸಬಹುದು. ಜೊತೆಗಿದ್ದವರು ಕೊಟ್ಟ ಹಣ ಮನೆಖರ್ಚಿನ ಪಾಲು ಮಾತ್ರ, ಮನೆಯ ಒಡೆತನಕ್ಕಲ್ಲ ಎಂದು ಮೊದಲೇ ಬರೆದುಕೊಂಡಿದ್ದರೆ ಈ ವಾದದ ಬಲ ಕುಗ್ಗುತ್ತದೆ.

ಬಾಡಿಗೆ ಮನೆಯಲ್ಲಿ ಆತಂಕ ಕಡಿಮೆ. ಸಾಮಾನ್ಯ ಖಾಸಗಿ ಬಾಡಿಗೆ ಮತ್ತು ಸ್ಥಳೀಯ ಸಂಸ್ಥೆಯ ಬಾಡಿಗೆ ಹಕ್ಕುಗಳು, ಟ್ರಸ್ಟಿ ವಿಶೇಷವಾಗಿ ನೋಟಿಸು ಕೊಡದ ಹೊರತು, ದಿವಾಳಿ ಆಸ್ತಿಗೆ ಸೇರುವುದಿಲ್ಲ. ಬಾಕಿ ಬಾಡಿಗೆಗಾಗಿ ಮಾಲೀಕರು ಕ್ರಮ ಕೈಗೊಳ್ಳುವ ಅಪಾಯ ಮಾತ್ರ ಉಳಿಯುತ್ತದೆ.

ಪಾಲಿನ ಲೆಕ್ಕ

ಪಾಲಿನ ಪ್ರಮಾಣ ಗೊತ್ತಾದರೂ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಸಂಗಾತಿಗೆ ಅನುಕೂಲವಾಗುವ ಎರಡು ಹಳೆಯ ನ್ಯಾಯತತ್ತ್ವಗಳಿವೆ. ಕೇಳದಿದ್ದರೆ ಅವು ಕೈತಪ್ಪಿ ಹೋಗಬಹುದು.

ಮೊದಲನೆಯದು ಹೊಣೆಮುಕ್ತಿಯ ಹಕ್ಕು. ಒಬ್ಬರ ವ್ಯಾಪಾರದ ಸಾಲಕ್ಕಾಗಿ ಇಬ್ಬರ ಮನೆಯನ್ನು ಅಡವಿಟ್ಟಿದ್ದು, ಆ ಹಣದಿಂದ ಇನ್ನೊಬ್ಬರಿಗೆ ನೇರ ಲಾಭವಾಗಿಲ್ಲದಿದ್ದರೆ, ಆ ಸಾಲ ಮೊದಲು ವ್ಯಾಪಾರ ಮಾಡಿದವರ ಪಾಲಿನಿಂದಲೇ ತೀರಬೇಕು. 1985ರ ಪಿಟ್ಟೊರ್ಟು ಪ್ರಕರಣದಲ್ಲಿ ಇದನ್ನು ದಿವಾಳಿಯ ಸಂದರ್ಭಕ್ಕೆ ಅನ್ವಯಿಸಲಾಯಿತು. ವ್ಯಾಪಾರ ನಡೆದು ಮನೆ ಸಾಗಿತು ಎಂಬಂಥ ಪರೋಕ್ಷ ಲಾಭದಿಂದ ಈ ಹಕ್ಕು ಹೋಗುವುದಿಲ್ಲ ಎಂದು 2017ರ ಆರ್ಮ್‌ಸ್ಟ್ರಾಂಗ್ ವಿರುದ್ಧ ಒನ್ಯೆಯರು ತೀರ್ಪು ಹೇಳಿತು. ಉದಾಹರಣೆಗೆ, 3,00,000 ಪೌಂಡ್ ಬೆಲೆಯ ಮನೆಯ ಮೇಲೆ ಕೊಳ್ಳುವಾಗ ಮಾಡಿದ 1,00,000 ಪೌಂಡ್ ಅಡಮಾನವೂ, ಒಬ್ಬರ ಅಂಗಡಿಗಾಗಿ ಮಾಡಿದ 40,000 ಪೌಂಡ್ ಎರಡನೇ ಅಡಮಾನವೂ ಇದೆಯೆಂದುಕೊಳ್ಳೋಣ. ಎರಡನ್ನೂ ಸಮವಾಗಿ ಕಳೆದರೆ ಇಬ್ಬರಿಗೂ 80,000 ಪೌಂಡ್ ಉಳಿಯುತ್ತದೆ. ಹೊಣೆಮುಕ್ತಿಯ ತತ್ತ್ವದಂತೆ ಕಳೆದರೆ ಸಂಗಾತಿಗೆ 1,00,000, ದಿವಾಳಿಯಾದವರಿಗೆ 60,000. ಟ್ರಸ್ಟಿಯಿಂದ ಆ ಪಾಲನ್ನು ಕೊಳ್ಳಬೇಕಾದ ಸಂಗಾತಿಗೆ 20,000 ಪೌಂಡ್ ಉಳಿತಾಯವಾಗುತ್ತದೆ.

ಎರಡನೆಯದು ಕೊಡುಕೊಳ್ಳುವಿಕೆಯ ಲೆಕ್ಕ. ದಿವಾಳಿ ಆದೇಶದ ನಂತರ ಸಂಗಾತಿ ಒಬ್ಬರೇ ಕಂತು ಕಟ್ಟಿದ್ದರೆ, ಮನೆಯ ಬೆಲೆ ಹೆಚ್ಚಿಸುವ ಕೆಲಸ ಮಾಡಿಸಿದ್ದರೆ, ಟ್ರಸ್ಟಿಯ ಪಾಲಿಗೆ ಬರುವ ಭಾಗವನ್ನು ಮರಳಿ ಕೇಳಬಹುದು. ಅದಕ್ಕೆ ಎದುರಾಗಿ, ಟ್ರಸ್ಟಿಯ ಪಾಲನ್ನೂ ಬಳಸಿಕೊಂಡು ವಾಸಿಸಿದ್ದಕ್ಕೆ ಬಾಡಿಗೆಯಂಥ ಮೊತ್ತವನ್ನು ಟ್ರಸ್ಟಿ ಕೇಳಬಹುದು; 2008ರ ಫ್ರೆಂಚ್ ವಿರುದ್ಧ ಬಾರ್ಕಮ್ ತೀರ್ಪು ಇದಕ್ಕೆ ಅವಕಾಶವಿದೆ ಎಂದಿತು. ಹಲವೊಮ್ಮೆ ಕಂತಿನ ಬಡ್ಡಿಯೂ ಈ ಬಾಡಿಗೆಯೂ ಒಂದಕ್ಕೊಂದು ವಜಾ ಆಗಿ, ಅಸಲಿಗೆ ಕಟ್ಟಿದ ಹಣ ಸಂಗಾತಿಯ ಖಾತೆಗೆ ಜಮೆಯಾಗಿ ಉಳಿಯುತ್ತದೆ. ಕಟ್ಟಿದ ಪ್ರತಿ ಕಂತಿನ ದಾಖಲೆ ಇಟ್ಟುಕೊಳ್ಳಬೇಕಾದ್ದು ಇದಕ್ಕಾಗಿ.

ಮಾರಾಟದ ಅರ್ಜಿ ಮತ್ತು ಒಂದು ವರ್ಷದ ಬಿಡುವು

ಜಂಟಿ ಹೆಸರಿನ ಮನೆಯನ್ನು ಟ್ರಸ್ಟಿ ತಾವೇ ಮಾರುವಂತಿಲ್ಲ. ಸಂಗಾತಿ ಒಪ್ಪದಿದ್ದರೆ ಜಮೀನಿನ ಟ್ರಸ್ಟುಗಳಿಗೆ ಸಂಬಂಧಿಸಿದ 1996ರ ಕಾಯಿದೆಯ 14ನೇ ಕಲಂನ ಅಡಿ ನ್ಯಾಯಾಲಯದ ಆದೇಶ ಕೋರಬೇಕು. ಆಗ ನ್ಯಾಯಾಲಯ ಏನನ್ನು ಗಮನಿಸಬೇಕೆಂದು ದಿವಾಳಿತನ ಕಾಯಿದೆಯ 335ಎ ಕಲಂ ಹೇಳುತ್ತದೆ. ಸಾಲಕೊಟ್ಟವರ ಹಿತವನ್ನು ನೋಡಬೇಕು. ಗಂಡ, ಹೆಂಡತಿ ಅಥವಾ ನೋಂದಾಯಿತ ಸಿವಿಲ್ ಸಂಗಾತಿ ಇದ್ದರೆ ಅವರ ನಡತೆ, ಅಗತ್ಯ, ಆದಾಯವನ್ನು, ಯಾವುದೇ ಮಕ್ಕಳಿದ್ದರೆ ಅವರ ಅಗತ್ಯಗಳನ್ನು ನೋಡಬೇಕು. ಕೊನೆಗೆ, ದಿವಾಳಿಯಾದವರ ಅಗತ್ಯವೊಂದನ್ನು ಬಿಟ್ಟು ಉಳಿದೆಲ್ಲ ಸಂಗತಿಗಳನ್ನು ನೋಡಬೇಕು. ಮದುವೆಯಾಗದ ಸಂಗಾತಿಯ ಹೆಸರು ಆ ನಡುವಿನ ಪಟ್ಟಿಯಲ್ಲಿಲ್ಲ. ಅವರ ಸ್ವಂತ ಕಷ್ಟಗಳನ್ನು ‘ಉಳಿದೆಲ್ಲ ಸಂಗತಿಗಳು’ ಎಂಬ ಮಾತಿನ ಅಡಿಯಲ್ಲೇ ಮುಂದಿಡಬೇಕು.

ಆಸ್ತಿ ಟ್ರಸ್ಟಿಗೆ ಸೇರಿ ಒಂದು ವರ್ಷ ಕಳೆದ ಮೇಲೆ ತಕ್ಕಡಿ ಸಾಲಕೊಟ್ಟವರತ್ತ ವಾಲುತ್ತದೆ. ಅಸಾಧಾರಣ ಪರಿಸ್ಥಿತಿ ಇಲ್ಲದಿದ್ದರೆ ಅವರ ಹಿತವೇ ಮಿಗಿಲೆಂದು ನ್ಯಾಯಾಲಯ ಭಾವಿಸಬೇಕು. ಮನೆ ಕಳೆದುಕೊಳ್ಳುವುದು, ಅಷ್ಟೇ ಹಣಕ್ಕೆ ಬೇರೆ ಮನೆ ಸಿಗದಿರುವುದು, ಮಕ್ಕಳ ಶಾಲೆ ಬದಲಾಗುವುದು ಸಾಲದ ಸಂಕಟದಲ್ಲಿ ಸಾಮಾನ್ಯವಾಗಿ ಆಗುವಂಥವೇ ಹೊರತು ಅಸಾಧಾರಣವಲ್ಲ ಎಂಬ ಸಿಟ್ರೊ ಪ್ರಕರಣದ ಕಠಿಣ ನಿಲುವು ಈಗಲೂ ದಾರಿತೋರುತ್ತದೆ. ನ್ಯಾಯಾಲಯಗಳು ಮನಸ್ಸು ಕರಗಿಸಿರುವುದು ಹೆಚ್ಚಾಗಿ ತೀವ್ರ ಅನಾರೋಗ್ಯದ ಎದುರು. ಮೂತ್ರಪಿಂಡ ವಿಫಲವಾಗಿ, ನಡೆದಾಡಲೂ ಕಷ್ಟಪಡುತ್ತಿದ್ದ ಪತ್ನಿಯಿದ್ದ ಚಾರಲಾಂಬಸ್ ಪ್ರಕರಣದಲ್ಲಿ ಆಕೆ ಆ ಮನೆಯಲ್ಲಿ ಇರುವಷ್ಟು ಕಾಲ ಮಾರಾಟ ನಿಂತಿತು. ಬ್ರೆಮ್ನರ್ ಪ್ರಕರಣದಲ್ಲಿ ಕ್ಯಾನ್ಸರ್ ಪೀಡಿತ ಪತಿಯೇ ದಿವಾಳಿಯಾಗಿದ್ದ. ಅವನ ಅಗತ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲವಾದರೂ, ಅವನ ಆರೈಕೆ ಮಾಡಬೇಕಾದ ಪತ್ನಿಯ ಅಗತ್ಯವನ್ನು ಪರಿಗಣಿಸಿ, ಅವನು ತೀರಿಕೊಂಡು ಮೂರು ತಿಂಗಳಾಗುವವರೆಗೆ ಮಾರಾಟ ಮುಂದೂಡಲಾಯಿತು. ಇವು ದಂಪತಿಗಳ ಪ್ರಕರಣಗಳಾದರೂ ಅಸಾಧಾರಣ ಪರಿಸ್ಥಿತಿಯ ಅಳತೆಗೋಲು ಮದುವೆಗೆ ಕಟ್ಟುಬಿದ್ದಿಲ್ಲ. ಪಾಲುದಾರ ಸಂಗಾತಿಯೂ ವೈದ್ಯಕೀಯ ದಾಖಲೆಗಳೊಂದಿಗೆ ಅದನ್ನು ಕೋರಬಹುದು.

ಪಾಲೇ ಇಲ್ಲದ ಸಂಗಾತಿಗೆ ಮಕ್ಕಳ ಮೂಲಕ ಒಂದು ಪರೋಕ್ಷ ಆಸರೆಯಿದೆ. ದಿವಾಳಿ ಅರ್ಜಿಯ ವೇಳೆ 18 ವರ್ಷದೊಳಗಿನವರು ದಿವಾಳಿಯಾದವರೊಂದಿಗೆ ಆ ಮನೆಯಲ್ಲಿ ವಾಸವಾಗಿದ್ದರೆ, ನ್ಯಾಯಾಲಯದ ಅನುಮತಿಯಿಲ್ಲದೆ ದಿವಾಳಿಯಾದವರನ್ನು ಹೊರಹಾಕುವಂತಿಲ್ಲ ಎಂದು 337ನೇ ಕಲಂ ಹೇಳುತ್ತದೆ. ಆ ಹಕ್ಕು ದಿವಾಳಿಯಾದವರದೇ. ಸಂಗಾತಿಗೆ ಅದರ ನೆರಳು ಮಾತ್ರ. ಒಂದು ವರ್ಷದ ಬಳಿಕ ಇಲ್ಲಿಯೂ ಸಾಲಕೊಟ್ಟವರ ಹಿತವೇ ಮುಂದಾಗುತ್ತದೆ.

ಮೂರು ವರ್ಷದ ಗಡುವು

2004ರ ಏಪ್ರಿಲ್‌ಗೆ ಮೊದಲು ಟ್ರಸ್ಟಿಗಳು ಮನೆಯ ಪಾಲನ್ನು ಹಲವು ವರ್ಷ ಹಾಗೆಯೇ ಬಿಟ್ಟು, ಬೆಲೆ ಏರಿದ ಮೇಲೆ ಮಾರಲು ಬರುತ್ತಿದ್ದರು. ಸಾಲದ ಕಥೆ ಮುಗಿಯಿತೆಂದುಕೊಂಡ ಕುಟುಂಬಗಳು ಮತ್ತೆ ಬೀದಿಗೆ ಬರುವ ಭಯದಲ್ಲಿ ಬದುಕುತ್ತಿದ್ದವು. 2002ರ ಎಂಟರ್‌ಪ್ರೈಸ್ ಕಾಯಿದೆ ಸೇರಿಸಿದ 283ಎ ಕಲಂ ಇದಕ್ಕೆ ಕೊನೆ ಹಾಡಿತು. ದಿವಾಳಿ ಆದೇಶದಿಂದ ಮೂರು ವರ್ಷದೊಳಗೆ ಟ್ರಸ್ಟಿ ಪಾಲನ್ನು ಮಾರಬೇಕು, ಮಾರಾಟಕ್ಕೋ ಸ್ವಾಧೀನಕ್ಕೋ ಮನೆಯ ಮೇಲೆ ಋಣಭಾರ ಹೂಡುವುದಕ್ಕೋ ಅರ್ಜಿ ಹಾಕಬೇಕು, ಇಲ್ಲವೇ ದಿವಾಳಿಯಾದವರೊಂದಿಗೆ ಒಪ್ಪಂದಕ್ಕೆ ಬರಬೇಕು. ಯಾವುದನ್ನೂ ಮಾಡದಿದ್ದರೆ ಪಾಲು ತಾನಾಗಿಯೇ ದಿವಾಳಿಯಾದವರಿಗೆ ಮರಳುತ್ತದೆ. ಮನೆಯಲ್ಲಿ ಪಾಲಿರುವುದನ್ನು ಮೂರು ತಿಂಗಳೊಳಗೆ ತಿಳಿಸದಿದ್ದರೆ, ಟ್ರಸ್ಟಿಗೆ ಗೊತ್ತಾದ ದಿನದಿಂದ ಗಡುವು ಎಣಿಕೆಯಾಗುತ್ತದೆ. ಸಾಲ ಮತ್ತು ಮಾರಾಟದ ಖರ್ಚು ಕಳೆದು ಪಾಲಿನ ಬೆಲೆ 1,000 ಪೌಂಡ್‌ಗಿಂತ ಕಡಿಮೆಯಿದ್ದರೆ ನ್ಯಾಯಾಲಯ ಅರ್ಜಿಯನ್ನೇ ತಳ್ಳಿಹಾಕಬೇಕೆಂದು 313ಎ ಕಲಂ ಹೇಳುತ್ತದೆ.

ದಿವಾಳಿತನದಿಂದ ಬಿಡುಗಡೆ ಸಾಮಾನ್ಯವಾಗಿ ಒಂದೇ ವರ್ಷದಲ್ಲಿ ಸಿಗುತ್ತದೆ. ಬಿಡುಗಡೆಯೊಂದಿಗೆ ಮನೆಯೂ ಬಿಡುಗಡೆಯಾಯಿತು ಎಂದು ಭಾವಿಸುವುದು ತಪ್ಪು. ಪಾಲು ಟ್ರಸ್ಟಿಯ ಬಳಿಯೇ ಇರುತ್ತದೆ.

ಮದುವೆಯಾಗದವರ ಮಟ್ಟಿಗೆ ಇಲ್ಲೊಂದು ಬಿರುಕಿದೆ. 283ಎ ಮತ್ತು 313ಎ ಕಲಂಗಳು ರಕ್ಷಿಸುವುದು ದಿವಾಳಿಯ ದಿನದಂದು ದಿವಾಳಿಯಾದವರ, ಅವರ ಗಂಡ ಅಥವಾ ಹೆಂಡತಿಯ, ಸಿವಿಲ್ ಸಂಗಾತಿಯ, ಇಲ್ಲವೇ ಹಿಂದೆ ಅವರ ಗಂಡ, ಹೆಂಡತಿ ಅಥವಾ ಸಿವಿಲ್ ಸಂಗಾತಿಯಾಗಿದ್ದವರ ಮುಖ್ಯ ನಿವಾಸವಾಗಿದ್ದ ಮನೆಯನ್ನು. ಸಾಲ ಮಾಡಿದವರು ಮೊದಲೇ ಮನೆಬಿಟ್ಟು ಹೋಗಿ, ದಿವಾಳಿಯ ದಿನ ಅಲ್ಲಿ ಮದುವೆಯಾಗದ ಸಂಗಾತಿಯೊಬ್ಬರೇ ಇದ್ದರೆ, ಮೂರು ವರ್ಷದ ಗಡುವೂ ಇಲ್ಲ, 1,000 ಪೌಂಡ್‌ನ ಮಿತಿಯೂ ಇಲ್ಲ. ಬೇರೆಯಾದ ಜೋಡಿಗಳು ಮನೆಯ ಪಾಲನ್ನು ತಡಮಾಡದೆ ಇತ್ಯರ್ಥ ಮಾಡಿಕೊಳ್ಳಬೇಕಾದ್ದಕ್ಕೆ ಇದು ಮುಖ್ಯ ಕಾರಣ.

ಕೊನೆಗಳಿಗೆಯ ವರ್ಗಾವಣೆ

ಸಾಲ ಮುತ್ತಿದಾಗ ಪಾಲನ್ನು ಸಂಗಾತಿಯ ಹೆಸರಿಗೆ ಬರೆದುಕೊಡುವ ಯೋಚನೆ ಸಹಜವಾಗಿ ಬರುತ್ತದೆ. ಕಾನೂನು ಇದನ್ನು ಮೊದಲೇ ಊಹಿಸಿದೆ. ದಿವಾಳಿ ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ ಉಚಿತವಾಗಿ ಅಥವಾ ತೀರ ಕಡಿಮೆ ಬೆಲೆಗೆ ಕೊಟ್ಟದ್ದನ್ನು 339ನೇ ಕಲಂನ ಅಡಿ ಟ್ರಸ್ಟಿ ರದ್ದುಪಡಿಸಬಹುದು. ಕೊನೆಯ ಎರಡು ವರ್ಷಗಳ ವರ್ಗಾವಣೆಯಾದರೆ, ಆಗ ಕೊಟ್ಟವರ ಸಾಲ ಆಸ್ತಿಯನ್ನು ಮೀರಿತ್ತೆಂದು ತೋರಿಸುವ ಅಗತ್ಯವೂ ಇಲ್ಲ. ಅದಕ್ಕಿಂತ ಹಿಂದಿನದಾದರೆ ಅದನ್ನು ತೋರಿಸಬೇಕು. ಆದರೆ ಪಡೆದವರು ಹತ್ತಿರದ ಸಂಬಂಧಿಯಾದರೆ ಹಾಗಿತ್ತೆಂದೇ ಊಹಿಸಲಾಗುತ್ತದೆ. ಜನರು ಗಂಡಹೆಂಡಿರೆಂದೇ ಬಗೆದಿರುವ ಜೋಡಿಯನ್ನೂ ಈ ಸಂಬಂಧಿಗಳ ವ್ಯಾಖ್ಯೆ ಒಳಗೊಳ್ಳುತ್ತದೆ. ರಕ್ಷಣೆ ಕೊಡುವಾಗ ಮದುವೆಯಾಗದವರನ್ನು ಹೊರಗಿಡುವ ಕಾಯಿದೆ, ಸಂಶಯದಿಂದ ನೋಡುವಾಗ ಅವರನ್ನು ಒಳಗೆ ಸೇರಿಸಿಕೊಂಡಿದೆ.

ಸಾಲಕೊಟ್ಟವರಿಗೆ ಸಿಗದಂತೆ ಮಾಡುವ ಉದ್ದೇಶದಿಂದಲೇ ನಡೆದ ವರ್ಗಾವಣೆಗೆ 423ನೇ ಕಲಂ ಅನ್ವಯಿಸುತ್ತದೆ. ಅದಕ್ಕೆ ಐದು ವರ್ಷದ ಮಿತಿಯೂ ಇಲ್ಲ, ದಿವಾಳಿ ಆದೇಶವೂ ಬೇಕಿಲ್ಲ. ಅರ್ಜಿ ಸಲ್ಲಿಸಿದ ದಿನದಿಂದ ಆಸ್ತಿ ಟ್ರಸ್ಟಿಗೆ ಸೇರುವವರೆಗಿನ ವರ್ಗಾವಣೆ ನ್ಯಾಯಾಲಯ ಒಪ್ಪದ ಹೊರತು ಅಸಿಂಧು. ಮಾರುಕಟ್ಟೆ ಬೆಲೆಯನ್ನು ಬ್ಯಾಂಕಿನ ಮೂಲಕ ನಿಜವಾಗಿ ಕೊಟ್ಟು, ಸ್ವತಂತ್ರ ಮೌಲ್ಯಮಾಪನ ಮಾಡಿಸಿ ಕೊಂಡ ಪಾಲನ್ನು ಕಡಿಮೆ ಬೆಲೆಯ ವರ್ಗಾವಣೆ ಎಂದು ರದ್ದುಪಡಿಸಲಾಗದು.

ಮುಂಚಿತ ಎಚ್ಚರಿಕೆಗಳು

ಎಲ್ಲಕ್ಕಿಂತ ಬಲವಾದ ರಕ್ಷಣೆ, ಸಾಲದ ನೆರಳೂ ಇಲ್ಲದ ದಿನಗಳಲ್ಲಿ ಮಾಡಿದ ಪಾಲಿನ ಘೋಷಣಾಪತ್ರ. ಯಾರು ಎಷ್ಟು ಮುಂಗಡ ಹಾಕಿದರು, ಕಂತನ್ನು ಯಾರು ಎಷ್ಟು ಕಟ್ಟುತ್ತಾರೆ, ಮಾರಿದರೆ ಹಣ ಹೇಗೆ ಹಂಚಿಕೆಯಾಗುತ್ತದೆ ಎಂದು ಬರೆದು ಸಹಿ ಹಾಕಬೇಕು. 1925ರ ಆಸ್ತಿ ಕಾನೂನು ಕಾಯಿದೆಯಂತೆ ಇಂಥ ಘೋಷಣೆ ಬರಹದಲ್ಲಿದ್ದು ಸಹಿಯಾಗಿರಬೇಕು. ಕೊನೆಯಲ್ಲಿ ಹೆಸರು ಟೈಪಿಸಿದ ಇಮೇಲ್ ಕೂಡ ಸಹಿಯಾದ ಬರಹವೇ ಎಂದು 2022ರ ಹಡ್ಸನ್ ವಿರುದ್ಧ ಹ್ಯಾಥ್‌ವೇ ತೀರ್ಪು ಒಪ್ಪಿತು. ಇದು ಹಳೆಯ ಪತ್ರವ್ಯವಹಾರವನ್ನು ಜೋಪಾನ ಮಾಡಲು ಕಾರಣವಾಗಬೇಕೇ ವಿನಾ ಸರಿಯಾದ ಪತ್ರ ಮಾಡಿಸದಿರಲು ಅಲ್ಲ.

ಮನೆ ಒಬ್ಬರ ಹೆಸರಿನಲ್ಲಷ್ಟೇ ಇದ್ದರೆ ಇನ್ನೊಬ್ಬರು ಭೂನೋಂದಣಿ ಕಚೇರಿಯಲ್ಲಿ ನಿರ್ಬಂಧ ನಮೂದಿಸಲು ಆರ್‌ಎಕ್ಸ್1 ನಮೂನೆಯಲ್ಲಿ ಅರ್ಜಿ ಕೊಡಬಹುದು. ನಿರ್ಬಂಧ ಪಾಲನ್ನು ಸೃಷ್ಟಿಸುವುದಿಲ್ಲ. ಒಬ್ಬರೇ ಗುಟ್ಟಾಗಿ ಮನೆ ಮಾರುವುದನ್ನು, ಅಡವಿಡುವುದನ್ನು ತಡೆಯುತ್ತದೆ. ಊರಿನಿಂದ ತಂದೆತಾಯಿ ಮುಂಗಡಕ್ಕೆಂದು ಕಳಿಸಿದ ಹಣ ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲೂ ಇರುತ್ತದೆ. ಅದು ಉಡುಗೊರೆಯೋ ಸಾಲವೋ, ಇಬ್ಬರಿಗೋ ಒಬ್ಬರಿಗೋ ಎಂಬುದು ಆಗಲೇ ಕಾಗದದಲ್ಲಿ ಇರಬೇಕು. ದಿವಾಳಿಯ ನಂತರ ಹೇಳುವ ಬಾಯಿಮಾತಿಗೆ ತೂಕ ಕಡಿಮೆ.

ಸಂಗಾತಿಯ ವ್ಯಾಪಾರದ ಸಾಲಕ್ಕೆ ಜಾಮೀನು ನಿಲ್ಲುವುದು ಅತಿ ದೊಡ್ಡ ಅಪಾಯ, ಏಕೆಂದರೆ ಆಗ ಸಂಗಾತಿಯ ಸ್ವಂತ ಪಾಲೂ ಸಾಲಕ್ಕೆ ಸಿಕ್ಕಿಬೀಳುತ್ತದೆ. ವ್ಯಾವಹಾರಿಕವಲ್ಲದ ಸಂಬಂಧದಲ್ಲಿರುವವರು ಜಾಮೀನು ನಿಂತಾಗ, ಅವರಿಗೆ ಸ್ವತಂತ್ರ ವಕೀಲರ ಸಲಹೆ ಸಿಕ್ಕಿದೆಯೆಂದು ಬ್ಯಾಂಕು ಖಚಿತಪಡಿಸಿಕೊಳ್ಳಬೇಕೆಂದು 2001ರ ಎಟ್ರಿಜ್ ತೀರ್ಪು ವಿಧಿಸಿದೆ. ಒತ್ತಾಯಕ್ಕೋ ಸುಳ್ಳಿಗೋ ಸಿಕ್ಕಿ ಸಹಿ ಹಾಕಿದ್ದು, ಬ್ಯಾಂಕು ಈ ಕರ್ತವ್ಯದಲ್ಲಿ ತಪ್ಪಿದ್ದರೆ ಆ ಜಾಮೀನನ್ನು ಪ್ರಶ್ನಿಸಬಹುದು.

ದಿವಾಳಿಗೆ ಪರ್ಯಾಯಗಳು

ದಿವಾಳಿ ಆದೇಶವನ್ನೇ ತಪ್ಪಿಸಲು ಸಾಧ್ಯವಾದರೆ ಮನೆಗೆ ಅದೇ ಒಳಿತು. 2021ರ ಮೇ 4ರಿಂದ ಜಾರಿಯಲ್ಲಿರುವ ‘ಬ್ರೀದಿಂಗ್ ಸ್ಪೇಸ್’ ಯೋಜನೆ, ಸಾಲ ಸಲಹೆಗಾರರ ಮೂಲಕ ಅರ್ಜಿ ಹಾಕಿದವರಿಗೆ ಸಾಲ ವಸೂಲಿಯಿಂದ 60 ದಿನಗಳ ಬಿಡುವು ಕೊಡುತ್ತದೆ. ಆದರೆ ಚಾಲ್ತಿ ಅಡಮಾನ ಕಂತನ್ನು ಕಟ್ಟುತ್ತಿರಬೇಕು. ಸಾಲಕೊಟ್ಟವರೊಂದಿಗೆ ಸ್ವಯಂಪ್ರೇರಿತ ಒಪ್ಪಂದ ಇನ್ನೊಂದು ದಾರಿ. ದಿವಾಳಿತನ ತಜ್ಞರು ಸಿದ್ಧಪಡಿಸಿದ ಪ್ರಸ್ತಾವಕ್ಕೆ, ಮತ ಹಾಕಿದವರ ಪೈಕಿ ಸಾಲದ ಮೌಲ್ಯದ ಲೆಕ್ಕದಲ್ಲಿ ಶೇ 75ರಷ್ಟು ಮಂದಿ ಒಪ್ಪಿದರೆ ಅದು ಎಲ್ಲರನ್ನೂ ಕಟ್ಟಿಹಾಕುತ್ತದೆ. ಮನೆ ಮಾರದೆ ಮಾಸಿಕ ಕಂತಿನಲ್ಲಿ ತೀರಿಸುವ ಷರತ್ತನ್ನು ಇದರಲ್ಲಿ ಬರೆಯಬಹುದು. ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗಳು ಈ ಆಯ್ಕೆಗಳ ಬಗ್ಗೆ ಉಚಿತ ಸಲಹೆ ಕೊಡುತ್ತವೆ.

ಆದೇಶದ ನಂತರ

ಆದೇಶವಾದ ಮೇಲೂ ಮನೆ ಉಳಿಸಿಕೊಳ್ಳುವ ಸಾಮಾನ್ಯ ದಾರಿಯೆಂದರೆ ಟ್ರಸ್ಟಿಯಿಂದ ಪಾಲನ್ನು ಕೊಳ್ಳುವುದು. ಟ್ರಸ್ಟಿಗೆ ಬೇಕಿರುವುದು ಹಣ, ಮನೆಯಲ್ಲ. ಮೊಕದ್ದಮೆಯ ಖರ್ಚು ಮತ್ತು ಕಾಲ ಉಳಿಯುವುದರಿಂದ ಸಂಗಾತಿಯ ನ್ಯಾಯವಾದ ಬೆಲೆಯನ್ನು ಅವರು ಸಾಮಾನ್ಯವಾಗಿ ಒಪ್ಪುತ್ತಾರೆ. ಮೌಲ್ಯಮಾಪನ, ಅಡಮಾನದ ಬಾಕಿ, ಹೊಣೆಮುಕ್ತಿಯ ಹಕ್ಕು, ಕಟ್ಟಿದ ಕಂತುಗಳ ಲೆಕ್ಕ ಇವನ್ನೆಲ್ಲ ಮುಂದಿಟ್ಟು ಮೊದಲ ವರ್ಷದಲ್ಲೇ ಮಾತುಕತೆ ನಡೆಸುವುದು ಲೇಸು. ಟ್ರಸ್ಟಿಯ ಪತ್ರಗಳಿಗೆ ಉತ್ತರಿಸದೆ ಕೂತರೆ ಕಾಲ ಕಳೆಯಬಹುದು, ಮಾರಾಟ ನಿಲ್ಲದು. ಬದಲಿಗೆ ಮೊಕದ್ದಮೆಯ ಖರ್ಚು ಸಂಗಾತಿಯ ತಲೆಗೂ ಬರಬಹುದು. ಸಾಲ ಮತ್ತು ಖರ್ಚನ್ನು ಪೂರ್ತಿ ತೀರಿಸಿದರೆ ನ್ಯಾಯಾಲಯವು ದಿವಾಳಿ ಆದೇಶವನ್ನೇ ರದ್ದುಮಾಡಬಹುದು.

ಸಂಗಾತಿ ಬರೆಯಬೇಕಾದ ಇನ್ನೊಂದು ಕಾಗದವಿದೆ, ಅದು ಉಯಿಲು. ಒಬ್ಬರು ತೀರಿಕೊಂಡರೆ ಪೂರ್ತಿ ಮನೆ ಬದುಕಿರುವವರಿಗೇ ಸೇರುವಂಥ ಜಂಟಿ ಒಡೆತನ, ದಿವಾಳಿ ಆದೇಶದಿಂದ ಒಡೆದು ಬೇರೆ ಬೇರೆ ಪಾಲುಗಳಾಗುತ್ತದೆ. ದಿವಾಳಿಯಾದವರು ತೀರಿಕೊಂಡರೆ ಅವರ ಪಾಲು ಟ್ರಸ್ಟಿಯ ಬಳಿಯೇ ಇರುತ್ತದೆ. ಸಾಲವಿಲ್ಲದ ಸಂಗಾತಿ ಉಯಿಲಿಲ್ಲದೆ ತೀರಿಕೊಂಡರೆ, ಮದುವೆಯಾಗದ ಜೊತೆಗಾರರಿಗೆ ಉತ್ತರಾಧಿಕಾರದ ನಿಯಮಗಳಲ್ಲಿ ಸ್ಥಾನವಿಲ್ಲದ ಕಾರಣ, ಪಾಲು ರಕ್ತಸಂಬಂಧಿಗಳಿಗೆ ಹೋಗುತ್ತದೆ. ಎರಡು ವರ್ಷ ಕೂಡಿ ಬಾಳಿದವರು 1975ರ ಉತ್ತರಾಧಿಕಾರ ಕಾಯಿದೆಯ ಅಡಿ ಜೀವನಾಧಾರ ಕೋರಿ ನ್ಯಾಯಾಲಯಕ್ಕೆ ಹೋಗಬಹುದಾದರೂ ಅದರ ಫಲ ಖಚಿತವಲ್ಲ. ಉಯಿಲಿನಲ್ಲಿ ಪಾಲನ್ನು ನೇರವಾಗಿ ದಿವಾಳಿಯಾದವರಿಗೆ ಬರೆದರೆ, ಅವರಿಗೆ ಬಿಡುಗಡೆ ಸಿಗುವ ಮುನ್ನ ಕೈಸೇರಿದ ಸ್ವತ್ತನ್ನೂ ಟ್ರಸ್ಟಿ ಕೇಳಬಹುದು. ಆದ್ದರಿಂದ ಬಿಡುಗಡೆಯವರೆಗೆ ಮಕ್ಕಳಿಗೋ ನಂಬಿಕಸ್ಥರು ನಡೆಸುವ ಟ್ರಸ್ಟ್‌ಗೋ ಬರೆಯುವ ಬಗ್ಗೆ ವಕೀಲರನ್ನು ಕೇಳುವುದು ಸೂಕ್ತ. ಮೂರು ವರ್ಷ ಕಳೆದು ಪಾಲು ಮರಳಿದ ಮೇಲೆ ಅಥವಾ ಅದನ್ನು ಕೊಂಡ ಮೇಲೆ, ಭೂದಾಖಲೆಯಲ್ಲಿರುವ ಟ್ರಸ್ಟಿಯ ನಮೂದನ್ನು ತೆಗೆಸಿ, ಇಬ್ಬರ ಪಾಲುಗಳನ್ನು ಹೊಸದಾಗಿ ಬರೆದು ನೋಂದಾಯಿಸುವುದರೊಂದಿಗೆ ಮನೆಯ ಪ್ರಕರಣ ಮುಗಿಯುತ್ತದೆ.